ಹಣ್ಣಿನ ನೊಣವೂ ಮನುಷ್ಯನ ಮಿದುಳೂ

ಧಾರವಾಡದ ಸುತ್ತಣ ಮಾವಿನ ತೋಪುಗಳಲ್ಲಿ ಆಪೂಸು ಬಲಿಯುವ ಕಾಲಕ್ಕೆ ಕಾಯಿಯೊಳಗೆ ತತ್ತಿಯಿಟ್ಟು, ಹೊರಗೆ ನಿಷ್ಕಳಂಕವಾಗಿ ಕಾಣುವ ಫಲವನ್ನು ಒಳಗಿನಿಂದ ಕೆಡಿಸಿ, ರೈತನ ವರ್ಷದ ಶ್ರಮವನ್ನು ನೀರುಪಾಲು ಮಾಡುವ ಹಣ್ಣುನೊಣವನ್ನು ಈ ಸೀಮೆಯಲ್ಲಿ ಅರಿಯದವರಿಲ್ಲ. ಅದನ್ನು ಹಿಡಿಯಲೆಂದು ತೋಟಗಳಲ್ಲಿ ತೂಗುಹಾಕುವ ಮೋಹಕ ಬಲೆಗಳನ್ನೂ ಬಹಳ ಮಂದಿ ಕಂಡಿದ್ದಾರೆ. ಆದರೆ ಅದೇ ಹೆಸರನ್ನು ಹೊತ್ತ, ಗಾತ್ರದಲ್ಲಿ ಅದಕ್ಕಿಂತ ಎಷ್ಟೋ ಕಿರಿದಾದ, ಕಳಿತ ಬಾಳೆಯ ಹಣ್ಣಿನ ಮೇಲೂ ಮಾರುಕಟ್ಟೆಯ ಪೇರಲದ ಬುಟ್ಟಿಗಳ ಮೇಲೂ ಸುಳಿದಾಡುವ, ಎರಡು ಮೂರು ಮಿಲಿಮೀಟರಿನ ಕೆಂಪುಕಣ್ಣಿನ ಇನ್ನೊಂದು ನೊಣವುಂಟು. ಅದು ಬೇರೆಯೇ ಕುಲದ ಜೀವಿ. ಶಾಸ್ತ್ರಜ್ಞರು ಅದಕ್ಕೆ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್ ಎಂದು ಹೆಸರಿಟ್ಟಿದ್ದಾರೆ. ಕೈಬೀಸಿ ಓಡಿಸಿ ಮರೆತುಬಿಡುವ ಈ ಕ್ಷುದ್ರಜೀವಿಯು, ವೈರಸ್ಸುಗಳು ದೇಹವನ್ನು ಹೇಗೆ ಹೊಗುತ್ತವೆ, ಮಿದುಳು ಹೇಗೆ ಕ್ಷಯಿಸುತ್ತದೆ ಎಂಬ ಎರಡು ಕಠಿನ ಪ್ರಶ್ನೆಗಳಿಗೆ ಉತ್ತರ ಹುಡುಕುವ ಕಾರ್ಯದಲ್ಲಿ ಮನುಷ್ಯನಿಗೆ ಮಾಡಿರುವ ಉಪಕಾರವು ಅದರ ಶರೀರದ ಅಳತೆಗೆ ಮೀರಿದ್ದು.

ಈ ವಿಚಾರ ನಮ್ಮ ಊರಿಗೆ ದೂರದ್ದೂ ಅಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಜೈವಿಕ ತಂತ್ರಜ್ಞಾನದ ವಿಜ್ಞಾನಿ ಡಾ. ರವಿಕುಮಾರ ಹೊಸಮನಿಯವರೂ ಅವರ ಸಂಗಡಿಗರೂ, ತಿರುವನಂತಪುರದ ಭಾರತೀಯ ಅಂತರಿಕ್ಷ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಸಹಕಾರದೊಡನೆ, ಇಸ್ರೋದ ಗಗನಯಾನ ನೌಕೆಯಲ್ಲಿ ಕಳುಹಿಸಲೆಂದು ಹಣ್ಣುನೊಣಗಳ ಪೆಟ್ಟಿಗೆಯೊಂದನ್ನು ಸಿದ್ಧಪಡಿಸಿದ ವಾರ್ತೆಯನ್ನು 2024ರಲ್ಲಿ ಪತ್ರಿಕೆಗಳಲ್ಲಿ ಓದಿದವರು ನಮ್ಮಲ್ಲಿ ಅನೇಕರು. ಅಂತರಿಕ್ಷಯಾತ್ರಿಗಳನ್ನು ಕಾಡುವ ಮೂತ್ರಪಿಂಡದ ಹರಳಿನ ಸಮಸ್ಯೆಯನ್ನು ನೊಣದ ಶರೀರದಲ್ಲಿ ಪರೀಕ್ಷಿಸುವುದು ಆ ಯೋಜನೆಯ ಉದ್ದೇಶ. ಆದರೆ ಅದಕ್ಕೆ ಎಷ್ಟೋ ವರ್ಷ ಮೊದಲು, ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಡಾ. ಮುರಳೀಧರ ಅವರೊಡನೆ ಕೂಡಿ ಇದೇ ಹೊಸಮನಿಯವರು ನಡೆಸಿ 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವು ನೇರವಾಗಿ ಮಿದುಳಿನ ರೋಗಕ್ಕೇ ಸಂಬಂಧಿಸಿದ್ದು. ಅಂತರಿಕ್ಷದ ಸುದ್ದಿಯಷ್ಟು ಅದು ಜನರ ಕಿವಿಗೆ ಬೀಳಲಿಲ್ಲವಾದರೂ ನಮ್ಮ ಇಂದಿನ ವಿಷಯಕ್ಕೆ ಅದೇ ಹೆಚ್ಚು ಸಮೀಪವಾದದ್ದು.

ಆ ಅಧ್ಯಯನವನ್ನು ತಿಳಿಯಬೇಕಾದರೆ ನೊಣಗಳನ್ನು ಸಾಕುವ ಪರಿಯನ್ನು ಮೊದಲು ನೋಡಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲಾದ ನಾನಾ ತಳಿಗಳನ್ನು ಕಾಪಾಡಿಕೊಂಡು ಬಂದಿರುವ ತಳಿಕೇಂದ್ರವೊಂದಿದೆ. ಅಲ್ಲಿನವರ ಬಳಕೆಯ ಪಾಕವು ಹೀಗಿದೆ: ಒಂದು ಲೀಟರು ನೀರಿಗೆ ನೂರು ಗ್ರಾಂ ಬೆಲ್ಲ, ನೂರು ಗ್ರಾಂ ಗೋಧಿಯ ರವೆ, ಹತ್ತು ಗ್ರಾಂ ಅಗರ್ ಹಾಕಿ ಕುದಿಸಿ, ಬೂಷ್ಟು ಹಿಡಿಯದಿರಲೆಂದು ಏಳೂವರೆ ಮಿಲಿಲೀಟರು ಪ್ರೊಪಿಯೋನಿಕ್ ಆಮ್ಲವನ್ನು ಬೆರೆಸಿ, ಗಾಜಿನ ಬಾಟಲಿಗಳಿಗೆ ಸುರಿದು ಆರಿಸಿ, ಮೇಲೆ ಯೀಸ್ಟನ್ನು ಹಾಕಿ, ಬಾಯಿಗೆ ಹತ್ತಿಯ ಬಿರಡೆಯನ್ನು ಇಡುವುದು. ಉತ್ತರ ಕರ್ನಾಟಕದ ಅಡುಗೆಮನೆಯ ಸಜ್ಜಕವನ್ನು ಬಲ್ಲವರಿಗೆ ಈ ಪಾಕ ಅಪರಿಚಿತವೆನಿಸದು. ಇಷ್ಟರಲ್ಲಿಯೇ ಸಂತುಷ್ಟವಾಗಿ, ಇಪ್ಪತ್ತೈದು ಡಿಗ್ರಿಯ ಹವೆಯಲ್ಲಿ ತತ್ತಿಯಿಂದ ಪ್ರೌಢಾವಸ್ಥೆಗೆ ಹತ್ತು ದಿನಗಳಲ್ಲಿ ಬೆಳೆದು, ಒಂದೊಂದು ಹೆಣ್ಣು ನೂರಾರು ತತ್ತಿಗಳನ್ನಿಟ್ಟು, ಎರಡು ತಿಂಗಳುಗಳಲ್ಲಿ ಬಾಲ್ಯ, ಯೌವನ, ವಾರ್ಧಕ್ಯಗಳನ್ನೆಲ್ಲ ಮುಗಿಸುವ ಈ ಜೀವಿಯಲ್ಲಿ, ಮನುಷ್ಯನಲ್ಲಿ ಅರುವತ್ತು ಎಪ್ಪತ್ತು ವರ್ಷ ಕಾದರೆ ಮಾತ್ರ ಕಾಣಸಿಗುವ ಜರಾರೋಗದ ಗತಿಯನ್ನು ಸಂಶೋಧಕನು ಒಂದು ಋತುವಿನೊಳಗೆ ಆದ್ಯಂತವಾಗಿ ನೋಡಬಲ್ಲನು.

ಈಗ ಆ ಪ್ರಯೋಗದ ಮಾತು. ರೊಟೆನೋನ್ ಎಂಬುದು ಕೆಲವು ಸಸ್ಯಗಳ ಬೇರಿನಿಂದ ಲಭಿಸುವ, ಕೀಟನಾಶಕವಾಗಿ ಬಳಕೆಯಲ್ಲಿದ್ದ ವಿಷ. ಜೀವಕೋಶಕ್ಕೆ ಶಕ್ತಿಯನ್ನು ಒದಗಿಸುವ ಮೈಟೊಕಾಂಡ್ರಿಯಗಳ ಕಾರ್ಯಕ್ಕೆ ಅದು ತಡೆಯೊಡ್ಡುತ್ತದೆ. ಅದನ್ನು ಸೇವಿಸಿದ ನೊಣದ ತಲೆಯಲ್ಲಿ ಡೋಪಮಿನ್ ಎಂಬ ನರವಾಹಕ ದ್ರವ್ಯವು ಕುಗ್ಗುತ್ತದೆ. ಮನುಷ್ಯನ ಪಾರ್ಕಿನ್ಸನ್ ರೋಗದಲ್ಲಿಯೂ ಕೈನಡುಕ, ಬಿಗಿತ, ನಡಿಗೆಯ ತಡವರಿಕೆಗಳಿಗೆ ಮೂಲವಾದದ್ದು ಅದೇ ದ್ರವ್ಯದ ಕ್ಷಯ. ನೊಣದ ಚಲನಶಕ್ತಿಯನ್ನು ಅಳೆಯುವ ವಿಧಾನವೂ ಸರಳವೇ. ಗಾಜಿನ ನಳಿಕೆಯಲ್ಲಿ ನೊಣಗಳನ್ನು ಬಿಟ್ಟು ಮೇಜಿನ ಮೇಲೆ ಮೆಲ್ಲನೆ ತಟ್ಟಿದರೆ ಅವೆಲ್ಲ ತಳಕ್ಕೆ ಬೀಳುತ್ತವೆ. ಆರೋಗ್ಯವುಳ್ಳವು ತಮ್ಮ ಸಹಜ ಪ್ರವೃತ್ತಿಯಂತೆ ಕೆಲವೇ ಕ್ಷಣಗಳಲ್ಲಿ ಗೋಡೆ ಹಿಡಿದು ಮೇಲೇರುತ್ತವೆ. ವಿಷ ತಾಗಿದವು ಕಾಲೂರಲಾರದೆ ಅರ್ಧಕ್ಕೇ ನಿಲ್ಲುತ್ತವೆ, ಜಾರುತ್ತವೆ, ಮತ್ತೆ ತಳ ಸೇರುತ್ತವೆ. ಗೊತ್ತಾದ ಗೆರೆಯನ್ನು ಗೊತ್ತಾದ ಕಾಲದೊಳಗೆ ದಾಟಿದವೆಷ್ಟು ಎಂದು ಎಣಿಸಿದರೆ ರೋಗದ ತೀವ್ರತೆಯು ಅಂಕಿಯ ರೂಪದಲ್ಲಿ ಕೈಗೆ ಬರುತ್ತದೆ.

ಹೊಸಮನಿ ಮತ್ತು ಮುರಳೀಧರರು ಒರೆಗನ್-ಕೆ ತಳಿಯ ನೊಣಗಳಿಗೆ ರೊಟೆನೋನಿನೊಡನೆ ನೀರುಬ್ರಾಹ್ಮಿಯ ಎಲೆಯ ಪುಡಿಯನ್ನು ಆಹಾರದಲ್ಲಿ ಬೆರೆಸಿ ಕೊಟ್ಟರು. ನಮ್ಮ ಹಿರಿಯರು ಮೇಧಾವರ್ಧಕವೆಂದು ಆದರಿಸುತ್ತ ಬಂದಿರುವ, ಜೌಗುನೆಲದಲ್ಲಿ ಹಬ್ಬಿ ಬೆಳೆಯುವ ಮೂಲಿಕೆ ಅದು. ವಿಷವನ್ನು ಮಾತ್ರವೇ ಉಂಡ ನೊಣಗಳಿಗಿಂತ ಮೂಲಿಕೆಯನ್ನೂ ಉಂಡ ನೊಣಗಳಲ್ಲಿ ಸಾವು ಕಡಿಮೆಯಾಯಿತು, ಡೋಪಮಿನ್ನಿನ ಕ್ಷಯ ಬಹುಮಟ್ಟಿಗೆ ತಗ್ಗಿತು, ನಳಿಕೆಯನ್ನೇರುವ ಪರೀಕ್ಷೆಯಲ್ಲಿ ಅವು ಮೇಲಾಗಿ ನಡೆದುಕೊಂಡವು. ಈ ಫಲಿತಾಂಶ ಹರ್ಷವನ್ನು ತರತಕ್ಕದ್ದೇ ಆದರೂ ಅದನ್ನು ಅದರ ಪ್ರಮಾಣಕ್ಕೆ ಮೀರಿ ಹಿಗ್ಗಿಸಬಾರದು. ನೊಣದಲ್ಲಿ ಫಲಿಸಿದ್ದು ಮನುಷ್ಯನ ಔಷಧವಾಯಿತೆಂದು ಅರ್ಥವಲ್ಲ; ಮುಂದೆ ಇಲಿಯಲ್ಲಿ, ಅನಂತರ ರೋಗಿಗಳಲ್ಲಿ ಕಟ್ಟುನಿಟ್ಟಾಗಿ ಪರೀಕ್ಷಿಸಲು ಯೋಗ್ಯವಾದ ಪ್ರಶ್ನೆಯೊಂದು ಸಿಕ್ಕಿತೆಂದು ಮಾತ್ರ ಅರ್ಥ. ಅಂಥ ಪ್ರಶ್ನೆಗಳನ್ನು ಅಲ್ಪವ್ಯಯದಲ್ಲಿ, ಅಲ್ಪಕಾಲದಲ್ಲಿ ಹುಡುಕಿಕೊಡುವುದೇ ನೊಣದ ಹಿರಿಮೆ. ಬೆಳೆಗೆ ಔಷಧಿ ಹೊಡೆಯುವಾಗ ಮೂಗುಬಾಯಿಗೆ ಬಟ್ಟೆಯನ್ನೂ ಕಟ್ಟಿಕೊಳ್ಳದ ರೈತರಿರುವ ಈ ಸೀಮೆಯಲ್ಲಿ, ಕೀಟನಾಶಕಗಳಿಗೂ ನರರೋಗಗಳಿಗೂ ಇರುವ ಸಂಬಂಧವನ್ನು ಶೋಧಿಸುವ ಕಾರ್ಯವು ಕೃಷಿ ವಿದ್ಯಾಲಯವೊಂದಕ್ಕೆ ಎಷ್ಟು ಸಹಜವಾದದ್ದೆಂಬುದನ್ನು ಬೇರೆ ಹೇಳಬೇಕಿಲ್ಲ.

ನೊಣಕ್ಕೂ ಮನುಷ್ಯನಿಗೂ ಇಷ್ಟು ಸಾಮ್ಯ ಎಲ್ಲಿಂದ ಬಂತು ಎಂದು ಓದುಗರು ಕೇಳಬಹುದು. 1910ರಲ್ಲಿ ಥಾಮಸ್ ಹಂಟ್ ಮಾರ್ಗನ್ನರು ಬಿಳಿಕಣ್ಣಿನ ಒಂದು ನೊಣವನ್ನು ಗುರುತಿಸಿ ಆನುವಂಶಿಕತೆಯ ರಹಸ್ಯವನ್ನು ಬಿಡಿಸತೊಡಗಿದಂದಿನಿಂದ ಈ ಜೀವಿಯು ವಿಜ್ಞಾನದ ಕಣ್ಣಿನೆದುರಿಗಿದೆ. 2000ದಲ್ಲಿ ಅದರ ವಂಶವಾಹಿಗಳ ಸಮಗ್ರ ಲಿಪಿಯನ್ನು ಓದಿ ಮುಗಿಸಿದ ಮೇಲೆ, ಮನುಷ್ಯನಲ್ಲಿ ರೋಗಕ್ಕೆ ಕಾರಣವೆಂದು ತಿಳಿದ ವಂಶವಾಹಿಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಸರಿಜೋಡಿಯಾದವು ನೊಣದಲ್ಲಿಯೂ ಇರುವುದು ಗೋಚರವಾಯಿತು. ಕೋಟ್ಯಂತರ ವರ್ಷಗಳ ಹಿಂದೆ ಎರಡೂ ಕುಲಗಳು ಕವಲೊಡೆದರೂ ಜೀವಕೋಶದ ಮೂಲವ್ಯವಹಾರವನ್ನು ಪ್ರಕೃತಿ ಬದಲಾಯಿಸದೆ ಉಳಿಸಿಕೊಂಡಿದೆ. 1993ರಲ್ಲಿ ಆಂಡ್ರಿಯಾ ಬ್ರಾಂಡ್ ಮತ್ತು ನಾರ್ಬರ್ಟ್ ಪೆರಿಮನ್ನರು ರೂಪಿಸಿದ ಉಪಾಯವೊಂದರಿಂದ, ಮನುಷ್ಯನ ಯಾವುದೇ ವಂಶವಾಹಿಯನ್ನು ನೊಣದ ಕಣ್ಣಿನಲ್ಲಿಯೋ ಮಿದುಳಿನ ಗೊತ್ತಾದ ಕೆಲವೇ ನರಕೋಶಗಳಲ್ಲಿಯೋ ಇಷ್ಟಬಂದಂತೆ ಕಾರ್ಯಪ್ರವೃತ್ತವಾಗಿಸುವುದು ಸಾಧ್ಯವಾಯಿತು. 1998ರಲ್ಲಿ ನ್ಯಾನ್ಸಿ ಬೊನಿನಿಯವರ ಬಳಗವು ಮನುಷ್ಯನ ನರಕ್ಷಯವೊಂದಕ್ಕೆ ಕಾರಣವಾದ ವಿಕೃತ ಪ್ರೋಟೀನನ್ನು ನೊಣದ ಕಣ್ಣಿನಲ್ಲಿ ಉತ್ಪಾದಿಸಿದಾಗ ಕಣ್ಣು ಶಿಥಿಲವಾಯಿತು. 2000ದಲ್ಲಿ ಮೆಲ್ ಫೀನಿ ಮತ್ತು ವೆಲ್ಕಮ್ ಬೆಂಡರರು ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಗಂಟುಗಟ್ಟುವ ಆಲ್ಫಾ-ಸೈನ್ಯೂಕ್ಲಿನ್ ಎಂಬ ಪ್ರೋಟೀನನ್ನು ನೊಣದ ನರಕೋಶಗಳಲ್ಲಿ ಹುಟ್ಟಿಸಿದಾಗ, ಡೋಪಮಿನ್ ಕೋಶಗಳು ನಶಿಸಿ, ನೊಣವು ವಯಸ್ಸಾದಂತೆ ಮೇಲೇರುವ ಶಕ್ತಿಯನ್ನು ಕಳೆದುಕೊಂಡಿತು.

ನಮ್ಮ ನಾಡಿನಲ್ಲಿಯೂ ಈ ವಿದ್ಯೆಗೆ ಗಟ್ಟಿಯಾದ ಬೇರುಗಳಿವೆ. ಒಬೈದ್ ಸಿದ್ದಿಕಿಯವರು ಅಮೆರಿಕದ ಸೀಮೋರ್ ಬೆಂಜರರೊಡನೆ ಸೇರಿ, ಹವೆ ಬಿಸಿಯಾದೊಡನೆ ಕೈಕಾಲು ಸೋತು ಬೀಳುವ, ತಂಪಾದೊಡನೆ ಮತ್ತೆ ಎದ್ದು ನಡೆಯುವ ರೂಪಾಂತರ ನೊಣಗಳನ್ನು ಶೋಧಿಸಿ 1976ರಲ್ಲಿ ವರದಿ ಮಾಡಿದರು. ನರತಂತುಗಳಲ್ಲಿ ಸಂದೇಶವು ಹೇಗೆ ಹರಿಯುತ್ತದೆಂಬುದಕ್ಕೆ ಅದರಿಂದ ಬೆಳಕು ಬಿದ್ದಿತು. ಅವರೇ ಮುಂದೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದರು. ಅದೇ ನಗರದ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಶೀಬಾ ವಾಸು ಅವರ ಬಳಗವು, ಹಂಟಿಂಗ್ಟನ್ ರೋಗದ ಪ್ರೋಟೀನು ನೊಣದ ಮಿದುಳಿನಲ್ಲಿ ಹಗಲಿರುಳಿನ ಲಯವನ್ನು ಕಾಯುವ ನರಕೋಶಗಳನ್ನು ಹೇಗೆ ಕೆಡಿಸುತ್ತದೆಂಬುದನ್ನು ಅಧ್ಯಯನ ಮಾಡಿದೆ.

ಇನ್ನು ವೈರಸ್ಸುಗಳ ವಿಷಯ. 1937ರಲ್ಲಿ ಫ್ರಾನ್ಸಿನ ಲೆರಿಟಿಯೇ ಮತ್ತು ತೆಸಿಯೇ ಎಂಬ ವಿಜ್ಞಾನಿಗಳು ಒಂದು ವಿಚಿತ್ರವನ್ನು ಕಂಡರು. ನೊಣಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸುವ ಮುನ್ನ ಇಂಗಾಲದ ಡೈಆಕ್ಸೈಡ್ ಅನಿಲದಿಂದ ಮೂರ್ಛೆಗೊಳಿಸುವುದು ಪ್ರಯೋಗಶಾಲೆಗಳ ವಾಡಿಕೆ. ಸಾಮಾನ್ಯ ನೊಣಗಳು ಕೆಲವು ನಿಮಿಷಗಳಲ್ಲಿ ಎಚ್ಚೆತ್ತು ಹಾರುತ್ತವೆ. ಆದರೆ ಒಂದು ತಳಿಯವು ಮಾತ್ರ ಏಳಲೇ ಇಲ್ಲ. ಪಾರ್ಶ್ವವಾಯು ಬಡಿದಂತೆ ಬಿದ್ದಲ್ಲಿಯೇ ಸತ್ತವು. ಈ ದೌರ್ಬಲ್ಯ ತಾಯಿಯಿಂದ ಸಂತತಿಗೆ ಸಾಗುತ್ತಿದ್ದರೂ ಅದು ಅನುವಂಶದ ದೋಷವಾಗಿರಲಿಲ್ಲ. ತತ್ತಿಯ ಮೂಲಕ ದಾಟಿಬರುವ ಒಂದು ವೈರಸ್ಸಾಗಿತ್ತು. ಸಿಗ್ಮಾ ಎಂದು ಹೆಸರಾದ ಆ ವೈರಸ್ಸು ನೊಣದ ನರಗ್ರಂಥಿಗಳಲ್ಲಿ ನೆಲಸುವುದರಿಂದಲೇ ಅನಿಲದ ಮೂರ್ಛೆ ಮರಣವಾಗಿ ಪರಿಣಮಿಸುತ್ತದೆ. ಮತ್ತು ಅದು ಹುಚ್ಚುನಾಯಿ ಕಡಿತದಿಂದ ಬರುವ ರೇಬೀಸ್ ವೈರಸ್ಸಿನ ಕುಟುಂಬಕ್ಕೇ ಸೇರಿದ್ದು. ವೈರಸ್ಸು ಮತ್ತು ನರಮಂಡಲ ಇವೆರಡರ ಸಂಬಂಧವನ್ನು ನೊಣವು ಹೀಗೆ ಆಗಲೇ ನಮ್ಮ ಮುಂದಿರಿಸಿತ್ತು.

ನೊಣಕ್ಕೆ ನಮ್ಮಲ್ಲಿರುವಂಥ ಪ್ರತಿಕಾಯಗಳಿಲ್ಲ. ಆದರೂ ರೋಗಾಣುಗಳಿಂದ ತುಂಬಿದ ಕೊಳೆತ ಹಣ್ಣಿನ ಮೇಲೆ ಬಾಳುವ ಅದು ಬದುಕಿ ಉಳಿದಿದೆ. ಈ ಒಗಟನ್ನು ಬಿಡಿಸಹೊರಟ ಜೂಲ್ಸ್ ಹಾಫ್ಮನ್ ಮತ್ತು ಬ್ರೂನೊ ಲೆಮೈತ್ರರು 1996ರಲ್ಲಿ, ಭ್ರೂಣದ ಬೆಳವಣಿಗೆಗೆ ಬೇಕಾದದ್ದೆಂದು ಮೊದಲೇ ತಿಳಿದಿದ್ದ ಟೋಲ್ ಎಂಬ ವಂಶವಾಹಿಯೇ ಬೂಷ್ಟಿನ ಸೋಂಕಿನಿಂದ ನೊಣವನ್ನು ಕಾಪಾಡುವುದೆಂದು ತೋರಿಸಿದರು. ಅದರ ಸೋದರರೂಪಗಳು ಮನುಷ್ಯನಲ್ಲಿಯೂ ಇರುವುದು ಬೇಗನೆ ಬೆಳಕಿಗೆ ಬಂತು, ಮತ್ತು ಹಾಫ್ಮನ್ನರಿಗೆ 2011ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ವೈರಸ್ಸಿನ ಆರ್‌ಎನ್‌ಎ ಎಳೆಯನ್ನು ಗುರುತಿಸಿ ತುಂಡರಿಸುವ ಮತ್ತೊಂದು ರಕ್ಷಣೆಯೂ ನೊಣದಲ್ಲಿರುವುದನ್ನು 2006ರಲ್ಲಿ ಹಲವು ಪ್ರಯೋಗಶಾಲೆಗಳು ದೃಢಪಡಿಸಿದವು.

ಇವೆಲ್ಲ ನಮ್ಮ ಬಾಗಿಲಿನ ರೋಗಗಳಿಗೆ ಹೇಗೆ ತಾಗುತ್ತವೆಂಬುದನ್ನು ನೋಡೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ, ಮಕ್ಕಳ ಮಿದುಳಿಗೆ ಉರಿಯೂತ ತರುವ ಜಪಾನೀ ಮಿದುಳುಜ್ವರ, ಮಳೆಗಾಲ ಬಂದರೆ ಹುಬ್ಬಳ್ಳಿ-ಧಾರವಾಡದ ಮನೆಮನೆಯಲ್ಲಿ ಹೆಸರು ಕೇಳಿಬರುವ ಡೆಂಗಿ, 2022ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯಲ್ಲಿ ಪತ್ತೆಯಾದ ಜೀಕಾ—ಇವೆಲ್ಲ ಫ್ಲೇವಿವೈರಸ್ ಎಂಬ ಒಂದೇ ಮನೆತನದವು. ಇವುಗಳಲ್ಲಿ ಜೀಕಾ ವೈರಸ್ಸು ಗರ್ಭಿಣಿಯರಿಗೆ ತಗುಲಿದಾಗ ಶಿಶುಗಳು ಕಿರಿದಾದ ತಲೆಯಿಂದ ಜನಿಸುವುದರ ಕಾರಣವನ್ನು ಬಿಡಿಸುವಲ್ಲಿ ನೊಣದ ಪಾತ್ರ ಸ್ಮರಣೀಯ. ವೈರಸ್ಸಿನ ಎನ್‌ಎಸ್4ಎ ಎಂಬ ಪ್ರೋಟೀನು ಮನುಷ್ಯನ ಆಂಕಲ್2 ಎಂಬ ಪ್ರೋಟೀನನ್ನು ಹಿಡಿಯುತ್ತದೆಂಬುದು ಮೊದಲು ಕಂಡಿತು. ಈ ಆಂಕಲ್2 ಕೆಟ್ಟಿದ್ದ ಕುಟುಂಬವೊಂದರಲ್ಲಿ ವೈರಸ್ಸಿನ ಸೋಂಕಿಲ್ಲದೆಯೇ ಕಿರುತಲೆಯ ಮಕ್ಕಳು ಹುಟ್ಟಿದ್ದು ಅದಕ್ಕೆ ಮೊದಲೇ ತಿಳಿದಿತ್ತು. ವೈರಸ್ಸಿನ ಆ ಒಂದೇ ಪ್ರೋಟೀನನ್ನು ನೊಣದ ಮರಿಹುಳುವಿನ ಮಿದುಳಿನಲ್ಲಿ ಉತ್ಪಾದಿಸಿದಾಗ ಮಿದುಳು ಕಿರಿದಾಯಿತು. ಜೊತೆಗೆ ಮನುಷ್ಯನ ಆಂಕಲ್2ವನ್ನು ಹೆಚ್ಚಾಗಿ ಒದಗಿಸಿದಾಗ ಮಿದುಳು ಮರಳಿ ಸಹಜ ಗಾತ್ರಕ್ಕೆ ಬಂತು. 2018ರಲ್ಲಿ ಪ್ರಕಟವಾದ ಈ ಶೋಧವನ್ನು ಗರ್ಭಸ್ಥ ಶಿಶುವಿನಲ್ಲಿ ನಡೆಸುವುದು ಊಹೆಗೂ ನಿಲುಕದು, ಧರ್ಮವೂ ಒಪ್ಪದು. ಅದೇ ವರ್ಷ ಸಾರಾ ಚೆರ್ರಿಯವರ ಬಳಗವು, ನೊಣದ ಮಿದುಳು ಜೀಕಾವನ್ನು ತಡೆಯುವುದು ತನ್ನೊಳಗಿನ ಸ್ಟಿಂಗ್ ಎಂಬ ರಕ್ಷಕ ಪ್ರೋಟೀನಿನ ಮೂಲಕವೆಂದು ತೋರಿಸಿತು. ಆ ಪ್ರೋಟೀನು ನಮ್ಮಲ್ಲಿಯೂ ಉಂಟು.

ಆದರೆ ರಕ್ಷಣೆಯೇ ಮಿತಿಮೀರಿದರೆ ಅದು ಭಕ್ಷಣೆಯಾಗಬಲ್ಲುದೆಂಬ ಪಾಠವನ್ನೂ ನೊಣವೇ ಕಲಿಸಿದೆ. ಬ್ಯಾರಿ ಗ್ಯಾನೆಟ್ಸ್ಕಿಯವರ ಪ್ರಯೋಗಶಾಲೆಯು 2013ರಲ್ಲಿ ವರ್ಣಿಸಿದ ರೂಪಾಂತರ ನೊಣಗಳಲ್ಲಿ ರೋಗನಿರೋಧದ ವ್ಯವಸ್ಥೆಗಿರುವ ಕಡಿವಾಣವೊಂದು ಕಳಚಿಹೋಗಿತ್ತು. ಸೋಂಕಿಲ್ಲದಿದ್ದರೂ ಮಿದುಳಿನಲ್ಲಿ ಸೂಕ್ಷ್ಮಾಣುನಾಶಕ ದ್ರವ್ಯಗಳು ಅವಿರತವಾಗಿ ಸ್ರವಿಸಿ, ವಯಸ್ಸಾದಂತೆ ನರಕೋಶಗಳು ಅಳಿದು ಮಿದುಳಿನಲ್ಲಿ ರಂಧ್ರಗಳು ತೆರೆದವು. ಆರೋಗ್ಯವಂತ ನೊಣದ ಮಿದುಳಿಗೆ ಬ್ಯಾಕ್ಟೀರಿಯವನ್ನು ಸೂಜಿಯಿಂದ ಸೇರಿಸಿದಾಗಲೂ ಅಂಥದೇ ಕ್ಷಯ ಕಂಡುಬಂತು. ಮಿದುಳಿನ ಸೋಂಕಿನಿಂದ ಗುಣಮುಖನಾಗಿ ಆಸ್ಪತ್ರೆಯಿಂದ ಮನೆಗೆ ಮರಳಿದ ರೋಗಿಯೂ ಮರೆವು, ನಿದ್ರಾಭಂಗ, ಚಲನೆಯ ದೋಷಗಳನ್ನು ವರ್ಷಗಟ್ಟಲೆ ಅನುಭವಿಸುವುದು ಏತಕ್ಕೆಂಬ ಪ್ರಶ್ನೆಗೆ, ಸೋಂಕು ಹೋದ ಮೇಲೂ ಆರದೆ ಉಳಿಯುವ ಈ ಉರಿಯೂತವನ್ನು ಅರಿಯದೆ ಉತ್ತರ ದೊರೆಯಲಾರದು. ವೈರಸ್ ರೋಗವನ್ನೂ ಮಿದುಳಿನ ರೋಗವನ್ನೂ ಎರಡು ಬೇರೆ ವಿಭಾಗಗಳಲ್ಲಿಟ್ಟು ನೋಡುವ ನಮ್ಮ ಅಭ್ಯಾಸವನ್ನು ನೊಣವು ಇಲ್ಲಿ ತಿದ್ದುತ್ತದೆ.

ನೊಣದಿಂದ ನೇರವಾಗಿ ಊರಿನ ಬೀದಿಗೆ ಬಂದ ಫಲವೊಂದುಂಟು. ಡ್ರೊಸೊಫಿಲಾದ ಜೀವಕೋಶಗಳಲ್ಲಿ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯವು ಸಹಜವಾಗಿ ವಾಸಿಸುತ್ತದೆ. ಅದನ್ನುಳ್ಳ ನೊಣಗಳು ವೈರಸ್ಸುಗಳನ್ನು ತಾಳಿಕೊಳ್ಳುತ್ತವೆಂಬುದನ್ನು 2008ರಲ್ಲಿ ಎರಡು ಬಳಗಗಳು ಪ್ರತ್ಯೇಕವಾಗಿ ಕಂಡುಕೊಂಡವು. ನೊಣದಿಂದ ತೆಗೆದ ಅದೇ ಬ್ಯಾಕ್ಟೀರಿಯವನ್ನು ಡೆಂಗಿ ಹರಡುವ ಈಡಿಸ್ ಸೊಳ್ಳೆಯ ತತ್ತಿಗೆ ಸೂಜಿಮೊನೆಯಿಂದ ಸೇರಿಸಿ, ಆ ಸಂತತಿಯ ಸೊಳ್ಳೆಗಳನ್ನು ಇಂಡೋನೇಷ್ಯದ ಯೋಗ್ಯಕರ್ತಾ ನಗರದಲ್ಲಿ ಬಿಟ್ಟಾಗ, ಅವುಗಳನ್ನು ಬಿಟ್ಟ ಬಡಾವಣೆಗಳಲ್ಲಿ ಡೆಂಗಿಯು ಶೇಕಡಾ 77ರಷ್ಟು ಇಳಿಯಿತೆಂದು 2021ರಲ್ಲಿ ವರದಿಯಾಯಿತು. ಪುದುಚೇರಿಯಲ್ಲಿರುವ ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿಯ ಕೇಂದ್ರವೂ ಅಂಥ ಸೊಳ್ಳೆಗಳ ತಳಿಯನ್ನು ಸಿದ್ಧಮಾಡಿದೆ. 2024ರಲ್ಲಿ ಕರ್ನಾಟಕ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಬೇಕಾಗಿ ಬಂದುದನ್ನು ನೆನೆದರೆ, ಕಳಿತ ಹಣ್ಣಿನ ಮೇಲಿನ ನೊಣವನ್ನು ಅಭ್ಯಸಿಸುವುದು ಕಾಲಹರಣವೆಂದು ಯಾರೂ ಹೇಳಲಾರರು.

ಮಿತಿಗಳನ್ನೂ ಹೇಳದಿದ್ದರೆ ಲೇಖನ ಅಪೂರ್ಣ. 2024ರಲ್ಲಿ ಪೂರ್ಣವಾದ ನೊಣದ ಮಿದುಳಿನ ನಕ್ಷೆಯಲ್ಲಿ 1,39,255 ನರಕೋಶಗಳೂ ಅವುಗಳ ನಡುವಣ ಐದು ಕೋಟಿಗೂ ಮಿಕ್ಕ ಸಂಧಿಗಳೂ ಗುರುತಾಗಿವೆ. ಮನುಷ್ಯನ ಮಿದುಳಿನಲ್ಲಿಯಾದರೋ ಸುಮಾರು 8,600 ಕೋಟಿ ನರಕೋಶಗಳು. ನೊಣಕ್ಕೆ ನಮ್ಮಂಥ ರಕ್ತನಾಳಗಳಿಲ್ಲ, ಲಸಿಕೆಗೆ ಪ್ರತಿಯಾಗಿ ಹುಟ್ಟುವ ಪ್ರತಿಕಾಯಗಳಿಲ್ಲ. ಮನುಷ್ಯನ ದುಃಖ, ಭ್ರಮೆ, ವಾಕ್‌ಶಕ್ತಿಗಳ ರೋಗಗಳನ್ನು ಅದರಲ್ಲಿ ಯಥಾವತ್ತಾಗಿ ಕಾಣುವಂತಿಲ್ಲ. ಆದಕಾರಣ ನೊಣದಿಂದ ಬಂದ ಪ್ರತಿಯೊಂದು ಉತ್ತರವೂ ಮೇಲಿನ ಪ್ರಾಣಿಗಳಲ್ಲಿ, ಕೊನೆಗೆ ರೋಗಿಯ ಹಾಸಿಗೆಯ ಬಳಿಯಲ್ಲಿ ಪರೀಕ್ಷೆಗೊಳ್ಳಲೇಬೇಕು. ಇಷ್ಟನ್ನು ಒಪ್ಪಿಕೊಂಡ ಮೇಲೂ, ಎಲ್ಲಿ ಹುಡುಕಬೇಕೆಂಬುದನ್ನು ತಿಳಿಸಿಕೊಡುವಲ್ಲಿ ನೊಣಕ್ಕೆ ಸಮಾನವಾದ ಜೀವಿಗಳು ವಿರಳ.

ಹುಬ್ಬಳ್ಳಿ-ಧಾರವಾಡವು ವಿದ್ಯೆಗೆ ಹೆಸರಾದ ಅವಳಿನಗರ. ಇಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಕರ್ನಾಟಕ ವಿಶ್ವವಿದ್ಯಾಲಯವಿದೆ, ಐಐಟಿಯಿದೆ, ಹುಬ್ಬಳ್ಳಿಯಲ್ಲಿ ಹಿಂದೆ ಕಿಮ್ಸ್ ಎನಿಸಿದ್ದ ಆಸ್ಪತ್ರೆಯಿದೆ; ಜೊತೆಗೆ ಪ್ರಾಣಿಶಾಸ್ತ್ರವನ್ನು ಕಲಿಸುವ ಪದವಿ ಕಾಲೇಜುಗಳಿವೆ. ನೊಣದ ಕಣ್ಣಿನ ಬಣ್ಣವನ್ನೂ ರೆಕ್ಕೆಯ ಆಕಾರವನ್ನೂ ಗುರುತಿಸಿ ರೆಕಾರ್ಡು ಪುಸ್ತಕದಲ್ಲಿ ಚಿತ್ರ ಬರೆದಲ್ಲಿಗೆ ಪಾಠ ಮುಗಿಯಿತೆಂದು ಬಗೆಯದೆ, ವಿದ್ಯಾರ್ಥಿಗಳು ಈ ಸೀಮೆಯದೇ ಪ್ರಶ್ನೆಯೊಂದನ್ನು, ಹೊಲದಲ್ಲಿ ಸಿಂಪಡಿಸುವ ಕೀಟನಾಶಕವೊಂದರ ಅಲ್ಪಪ್ರಮಾಣವು ನೊಣದ ಏರುವ ಶಕ್ತಿಯನ್ನು ಎಷ್ಟು ಕುಗ್ಗಿಸುತ್ತದೆಂಬಷ್ಟು ಸರಳವಾದದ್ದನ್ನಾದರೂ, ಕೈಗೆತ್ತಿಕೊಂಡು ಪ್ರಾಮಾಣಿಕವಾಗಿ ಎಣಿಸಿ ಬರೆಯುವಂತಾಗಬೇಕು. ಅದಕ್ಕೆ ಬೇಕಾದದ್ದು ರವೆ, ಬೆಲ್ಲ, ಗಾಜಿನ ಬಾಟಲಿ, ಒಂದು ಸೂಕ್ಷ್ಮದರ್ಶಕ, ಮತ್ತು ತಾಳ್ಮೆಯಿಂದ ದಾರಿ ತೋರುವ ಒಬ್ಬ ಅಧ್ಯಾಪಕ. ಈ ಅವಳಿನಗರದ ಕಾಲೇಜುಗಳ ಆಡಳಿತವರ್ಗದವರೂ ಪ್ರಾಧ್ಯಾಪಕರೂ ಬರುವ ವರ್ಷದ ಪಾಠಕ್ರಮದಲ್ಲಿ ಇದಕ್ಕೆ ಒಂದಿಷ್ಟು ಅವಕಾಶವನ್ನು ಕಲ್ಪಿಸಬೇಕೆಂದು ಈ ಮೂಲಕ ಪ್ರಾರ್ಥಿಸುತ್ತೇನೆ.